ಪಂಖ ತಿರುಗಿದ ದಿನ

ಕಲಾವತಿಗೆ ಗಂಡನ ಫೋನೆಂದರೆ ಮೊದಲು ಸದ್ದು, ಆಮೇಲೆ ಗಂಡ. ಮುಂಬೈಯಿಂದಾಚೆ ನಡುಸಮುದ್ರದಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತಿದ್ದ, ಗ್ಯಾಸ್ ತೆಗೆಯುವ ಪ್ಲಾಟ್‌ಫಾರ್ಮಿನಲ್ಲಿ ಶಾಂತಾರಾಮನಿಗೆ ಕೆಲಸ. ಮನೆಯವರು ಅದನ್ನು ರಿಗ್ ಅನ್ನುತ್ತಿದ್ದರು. ರಿಗ್ ಬೇರೆ, ಪ್ಲಾಟ್‌ಫಾರ್ಮ್ ಬೇರೆ ಎಂದು ತಿದ್ದಿ ತಿದ್ದಿ ಸಾಕಾಗಿ ಈಗ ಅವನೂ ರಿಗ್ ಎಂದೇ ಹೇಳುತ್ತಿದ್ದ. ಅಲ್ಲಿನ ದೀಪ, ಪಂಪು, ಅಡುಗೆಮನೆ ಎಲ್ಲಕ್ಕೂ ಬೇಕಾದ ಕರೆಂಟನ್ನು ಅಲ್ಲಿಯ ಗ್ಯಾಸನ್ನೇ ಸುಟ್ಟು ತಯಾರಿಸುವ ದೊಡ್ಡ ಟರ್ಬೈನೊಂದಿತ್ತು. ಅದನ್ನು ನೋಡಿಕೊಳ್ಳುವುದು ಅವನ ಪಾಲಿಗೆ ಬಂದ ಕೆಲಸ. ಹದಿನೈದು ದಿನ ಸಮುದ್ರ, ಹದಿನೈದು ದಿನ ಕಾರವಾರದ ಕೋಡಿಬಾಗದ ಮನೆ. ಮಗಳು ವಿಜೇತಾ ಹುಟ್ಟುವ ಮೊದಲಿನಿಂದಲೂ ಹೀಗೇ ನಡೆದುಬಂದಿತ್ತು.

ರಿಗ್ಗಿನ ಫೋನು ಇದ್ದದ್ದು ಟರ್ಬೈನಿನ ಕೋಣೆಗೆ ತಾಗಿದ ಓಣಿಯಲ್ಲಿ. ಹಾಗಾಗಿ ಅವನು ಕೂಗಿಯೇ ಮಾತಾಡುವುದು, ಅವಳೂ ಕೂಗಿಯೇ ಉತ್ತರ ಕೊಡುವುದು. ಇವರ ಮನೆಯಲ್ಲಿ ಆ ದಿನ ಯಾವ ಮೀನಿನ ಸಾರು, ವಿಜೇತಾಳ ಜ್ವರ ಬಿಟ್ಟಿತೋ ಇಲ್ಲವೋ ಎಂಬುದೆಲ್ಲ ಪಕ್ಕದ ಮನೆಯ ಅಮಿತಾಗೆ ಕೂತಲ್ಲೇ ತಿಳಿಯುತ್ತಿತ್ತು. ರಜೆಯಲ್ಲಿ ಮನೆಗೆ ಬಂದಾಗಲೂ ಅವನ ದನಿ ಇಳಿಯುತ್ತಿರಲಿಲ್ಲ. ಅಭ್ಯಾಸ ಬಿದ್ದುಹೋಗಿದೆ ಎಂದು ಎಲ್ಲರೂ ಸುಮ್ಮನಿದ್ದರು.

ಎರಡು ಸಾವಿರದ ಒಂಬತ್ತರ ಮೇ ತಿಂಗಳ ಕೊನೆ. ಮಳೆಗಾಲಕ್ಕೆಂದು ಅಂಗಳದಲ್ಲಿ ಒಣಹಾಕಿದ್ದ ಸಿಗಡಿಯನ್ನು ಕಲಾವತಿ ಮಗುಚುತ್ತಿದ್ದಾಗ ಮೊಬೈಲು ರಿಂಗಾಯಿತು. ರಿಗ್ಗಿನ ನಂಬರು. ಎಂದಿನಂತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಏನೂ ಕೇಳಲಿಲ್ಲ. ಹತ್ತಿರ ತಂದಳು. ಆಗಲೂ ಸದ್ದಿಲ್ಲ. ಕರೆ ತುಂಡಾಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಶಾಂತಾರಾಮನ ದನಿ ಬಂತು, ಪಕ್ಕದ ಕೋಣೆಯಿಂದ ಬಂದ ಹಾಗೆ.

"ಕಲಾ?"

"ಹೇಳಿ."

"ಕಲಾ, ನಾನು. ಕೇಳ್ತದ್ಯಾ?"

"ಕೇಳ್ತದೆ, ಹೇಳಿ." ಆ ಕಡೆ ಅಷ್ಟು ನಿಶ್ಶಬ್ದವಿದ್ದದ್ದಕ್ಕೋ ಏನೋ, ಅವಳೂ ಮೆಲ್ಲಗೆ ಮಾತಾಡಿದ್ದಳು.

"ಹಲೋ? ನೀ ಎಂತಾದ್ರೂ ಮಾತಾಡೇ."

"ಕೇಳ್ತದೆ ಅಂದ್ನಲ್ಲ. ನೀವು ಎಲ್ಲಿದ್ರಿ ಈಗ?"

ಅವನು ಉತ್ತರ ಕೊಡಲಿಲ್ಲ. ಅವನ ಹಿಂದೆ ಎಲ್ಲೋ ತಟ್ಟೆಗೆ ಚಮಚ ತಾಗಿದ ಸದ್ದು ಕೇಳಿತು. ಯಾರೋ ನಕ್ಕರು. ಗಂಡಸೋ ಹೆಂಗಸೋ ಗೊತ್ತಾಗಲಿಲ್ಲ.

"ಇಲ್ಲಿ ಎಲ್ಲಾ ನಿಂತದೆ ಅಂತಾರೆ," ಅಂದ ಶಾಂತಾರಾಮ. "ನಂಗೆ ಒಂದೂ ಗೊತ್ತಾಗ್ತಿಲ್ಲ." ಫೋನು ಇಟ್ಟುಬಿಟ್ಟ.

ಕಲಾವತಿ ಅಂಗಳದಲ್ಲೇ ನಿಂತಳು. ಕಾಗೆಯೊಂದು ಬಂದು ಸಿಗಡಿಗೆ ಬಾಯಿ ಹಾಕಿದ್ದನ್ನೂ ನೋಡಲಿಲ್ಲ. ಏನು ನಿಂತಿದೆ? ಅಂತಾರೆ ಎಂದರೆ ಯಾರು ಅಂತಾರೆ? ಅಲ್ಲೇ ಇರುವವನಿಗೆ ನಿಂತದ್ದು ಕಾಣುವುದಿಲ್ಲವೇ? ಅಲ್ಲಿ ಇಲ್ಲವಾದರೆ ಎಲ್ಲಿದ್ದಾನೆ?

ಸಂಜೆ ವಿಜೇತಾ ಸಹಕಾರಿ ಬ್ಯಾಂಕಿನ ಕೆಲಸ ಮುಗಿಸಿ ಬಂದಾಗ ಎಲ್ಲ ಹೇಳಿದಳು. ವಿಜೇತಾ ಚಪ್ಪಲಿ ಬಿಡುತ್ತ, "ಫೋನು ಬೇರೆ ಕೋಣೆಗೆ ಹಾಕಿರ್ಬೇಕು ಆಯಿ," ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೇಲಿಯಾಚೆ ಮಲ್ಲಿಗೆ ಕೊಯ್ಯುತ್ತಿದ್ದ ಅಮಿತಾ, "ಇವತ್ತು ನಿಮ್ಮವ್ರ ಫೋನು ಬಂದದ್ದೇ ತಿಳೀಲಿಲ್ಲ ನಂಗೆ. ಸದ್ದೇ ಇಲ್ಲ," ಅಂದಳು. ಆಮೇಲೆ ತನ್ನ ಭಾವನೊಬ್ಬನ ಕತೆ ಹೇಳಿದಳು. ಹಡಗಿನಲ್ಲಿದ್ದೇನೆ ಎಂದು ಫೋನು ಮಾಡುತ್ತಿದ್ದವನು ವಾಸ್ಕೋದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದನಂತೆ, ಒಬ್ಬಳ ಜೊತೆ. ಹಿಂದಿನಿಂದ ಕುಕ್ಕರಿನ ಸೀಟಿ ಕೇಳಿ ಹೆಂಡತಿಗೆ ಗೊತ್ತಾದದ್ದು. "ನಿಮ್ಮವ್ರು ಹಾಂಗಲ್ಲ ಬಿಡಿ," ಎಂದೂ ಸೇರಿಸಿದಳು.

ಮಾರನೆಯ ದಿನ ಫೋನು ಬರಲಿಲ್ಲ. ವಿಜೇತಾ ರಿಗ್ಗಿನ ನಂಬರಿಗೆ ಮಾಡಿ ನೋಡಿದಳು, ಯಾರೂ ಎತ್ತಲಿಲ್ಲ. ಅಪ್ಪನ ಮೊಬೈಲು ಬಂದ್. ಕೊನೆಗೆ ಮುಂಬೈ ಆಫೀಸಿಗೆ ಮಾಡಿ ಹಿಂದಿಯಲ್ಲಿ ಕೇಳಿದಳು. ಅವಳ ಮುಖವನ್ನೇ ನೋಡುತ್ತ ಕಲಾವತಿ ಎದುರು ನಿಂತಿದ್ದಳು. ಫೋನಿಟ್ಟ ಮಗಳು ಅವಳ ಕಡೆ ತಿರುಗಿದಳು.

"ಬಾಬಾ ರಿಗ್ಗಿನಲ್ಲಿ ಇಲ್ಲಂತೆ ಆಯಿ. ನಿನ್ನೆ ಹೆಲಿಕಾಪ್ಟರ್‌ನಲ್ಲಿ ದಡಕ್ಕೆ ಕರ್ಕೊಂಡು ಬಂದ್ರಂತೆ."

"ಹುಷಾರಿಲ್ವಾ?"

"ನಡ್ಕೊಂಡೇ ಹೋದ್ರು ಅಂದ್ರು. ಎಲ್ಲಿಗೆ ಅಂತ ಕೇಳಿದ್ರೆ, ಅವ್ರೇ ನಿಮಗೆ ಹೇಳ್ತಾರೆ ಅಂದ್ರು."

ಹುಷಾರಿಲ್ಲದವನು ನಡೆದು ಹೋಗುತ್ತಾನೆಯೇ? ಹುಷಾರಿದ್ದವನನ್ನು ಹೆಲಿಕಾಪ್ಟರಿನಲ್ಲಿ ಯಾಕೆ ತರುತ್ತಾರೆ? ಕಲಾವತಿ ಅಕ್ಕಿ ತೊಳೆಯಲು ಹೋಗಿ ತೊಳೆದ ಅಕ್ಕಿಯನ್ನೇ ಮತ್ತೊಮ್ಮೆ ತೊಳೆದಳು. ಆಗ ನೆನಪಾಯಿತು. ಹಿಂದಿನ ರಜೆಯಲ್ಲಿ ಅವಳು ತೆಂಗಿನಕಾಯಿ ತುರಿಯುತ್ತ ಕೂತಿದ್ದಾಗ ಅವನು ಬಾಗಿಲಿಗೆ ಒರಗಿ ಏನೋ ಹೇಳಿದ್ದ. "ನಮ್ಮ ರಿಗ್ಗಿನ ಪಕ್ಕ ದೊಡ್ಡ ಪಂಖ ಹಾಕಿದಾರೆ ಮಾರಾಯ್ತಿ."

"ಸೆಕೆಗಾ?" ಎಂದಿದ್ದಳು ಇವಳು.

ಅವನು ಬಹಳ ನಕ್ಕಿದ್ದ. ನಕ್ಕು ಏನೇನೋ ವಿವರಿಸಿದ್ದ. ಅದು ಸಮುದ್ರದಲ್ಲೇ ನಿಲ್ಲುವ ಪಂಖ, ಗಾಳಿಗೆ ತಿರುಗುತ್ತದೆ, ಕರೆಂಟು ಕೊಡುತ್ತದೆ, ಆಗ ನನ್ನ ಮಶೀನು ಬಂದ್ ಮಾಡಿ ನೋಡುತ್ತಾರಂತೆ. ಅವಳ ಗಮನ ಕಾಯಿಯ ಮೇಲಿತ್ತು. ಮಶೀನು ಬಂದ್ ಎಂದರೆ ಮಶೀನು ನೋಡಿಕೊಳ್ಳುವವನೂ ಬಂದ್ ಎಂದು ಆಗ ಹೊಳೆದಿರಲಿಲ್ಲ.

ಕರೆಂಟಿನ ವಿಷಯ ಕೇಳಲು ಅವಳಿಗೆ ಇದ್ದವನು ಒಬ್ಬನೇ, ಅಂಕೋಲೆಯಲ್ಲಿ ಲೈನ್‌ಮನ್ ಆಗಿದ್ದ ತಮ್ಮ ಸತೀಶ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಳು. ಬಿಣಗಾ ದಾಟಿ ಅರ್ಗಾ ಬಂತು. ಶಾಂತಾರಾಮ ಹುಟ್ಟಿ ಬೆಳೆದ ಮನೆಯ ಜಾಗ ನೌಕಾನೆಲೆಗೆ ಹೋಗಿ, ಈಗ ಆ ಉದ್ದದ ಗೋಡೆಯ ಒಳಗೆಲ್ಲೋ ಇತ್ತು. ಯಾವಾಗ ಈ ದಾರಿಯಲ್ಲಿ ಹೋದರೂ ಅವಳ ಕಣ್ಣು ಅತ್ತ ಹೋಗುತ್ತಿತ್ತು. ಇವತ್ತು ಅಂಕೋಲೆ ಬಂದ ಮೇಲೇ ಅರ್ಗಾ ದಾಟಿದ್ದು ತಿಳಿದದ್ದು.

ಸತೀಶ ಜಗಲಿಯಲ್ಲಿ ಕೂತು ಅಕ್ಕನ ಮಾತನ್ನೆಲ್ಲ ಕೇಳಿದ. ಅವನ ಹೆಂಡತಿ ಯಶೋದಾ ಬಾಗಿಲಲ್ಲಿ ನಿಂತಿದ್ದಳು.

"ಗಾಳಿಯಿಂದ ಕರೆಂಟು ಮಾಡೂದು ಖರೆ," ಅಂದ ಸತೀಶ. "ಚಿತ್ರದುರ್ಗದ ಬದಿಗೆ ಗುಡ್ಡದ ಮೇಲೆ ನಾನೇ ನೋಡಿದೆ. ಆದ್ರೆ ಅಕ್ಕಾ, ಗ್ಯಾಸ್ ತೆಗ್ಯೂದು ಎಂತಕ್ಕೆ? ಸುಟ್ಟು ಕರೆಂಟು ಮಾಡೂಕೆ. ಗಾಳಿಯಿಂದ್ಲೇ ಕರೆಂಟು ಸಿಕ್ತದೆ ಅಂದ್ರೆ, ಆ ಕರೆಂಟಿಂದ ಮತ್ತೆ ಗ್ಯಾಸ್ ತೆಗ್ಯೂದು ಎಂತಕ್ಕೆ?"

"ನಂಗೆ ಗೊತ್ತಿದ್ರೆ ನಿನ್ನ ಹತ್ರ ಬತ್ತಿದ್ನಾ?"

"ಇದು ಉಲ್ಟಾ ಆಯ್ತಲ್ಲ. ಭಾವ ಹೀಂಗೇ ಹೇಳಿದ್ನಾ, ನೀ ತಪ್ಪು ಕೇಳಿದ್ಯಾ?"

"ಕಾಯಿ ತುರೀತಿದ್ದೆ," ಎಂದಳು ಕಲಾವತಿ.

ಸತೀಶ ತಲೆ ಕೆರೆದುಕೊಂಡ. ಬಹುಶಃ ಭಾವನ ರಿಗ್ಗಿನಲ್ಲಿ ಗ್ಯಾಸ್ ಮುಗಿದಿದೆ, ಮುಚ್ಚುತ್ತಿದ್ದಾರೆ, ಹೇಳಲು ನಾಚಿಕೆಯಾಗಿ ಪಂಖದ ಕತೆ ಕಟ್ಟಿದ್ದಾನೆ ಎಂದ. ಮತ್ತೆ ತಾನೇ, ಇಲ್ಲ, ಮುಚ್ಚುವವರು ಹೊಸ ಪಂಖ ಯಾಕೆ ಹಾಕುತ್ತಾರೆ ಎಂದ. ಯಶೋದಾ, ಊಟ ಮಾಡಿ ಹೋಗಿ ಅಕ್ಕಾ ಎಂದಳು. ಕಲಾವತಿ ಊಟ ಮಾಡಿದಳು. ಏನು ಬಡಿಸಿದರೆಂದು ಆಮೇಲೆ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸತೀಶನಿಗೆ ಲೈನು ಬಿದ್ದಿದೆಯೆಂದು ಕರೆ ಬಂತು, ಅವನು ಹೊರಟ. ಅವಳೂ ಬಸ್ ನಿಲ್ದಾಣದ ಕಡೆ ಹೊರಟಳು.

ನಿಲ್ದಾಣದ ಹೊರಗೆ ಇಶಾಡು ಮಾವಿನಹಣ್ಣಿನ ಬುಟ್ಟಿಗಳ ಸಾಲು. ಕೊರಳ ತುಂಬ ಮಣಿಸರ ಹಾಕಿದ ಸುಬ್ಬಿ ಎಂಬವಳು ವರ್ಷಾ ವರ್ಷಾ ಅಲ್ಲೇ ಕೂರುವವಳು, ಕಲಾವತಿಯ ಗುರುತು ಇದ್ದವಳು. "ಬರ್ರ ಅಮ್ಮಾ, ಈ ವರ್ಷ ಇದೇ ಕಡೆಯದು," ಎಂದು ಹಣ್ಣು ಆರಿಸತೊಡಗಿದಳು. ಕಲಾವತಿ ಚೀಲ ಬಿಡಿಸುತ್ತ ತಲೆ ಎತ್ತಿದಾಗ, ಬಸ್ಸುಗಳ ನಡುವೆ ಶಾಂತಾರಾಮ ನಿಂತಿದ್ದ.

ಇತ್ತ ಬೆನ್ನು ಹಾಕಿ ನಿಂತಿದ್ದ. ಕೈಯಲ್ಲಿ ರಿಗ್ಗಿಗೆ ಒಯ್ಯುವ ನೀಲಿ ಚೀಲ. ಕುಮಟೆಗೆ ಹೋಗುವ ಬಸ್ಸಿನ ಕಿಟಕಿಗಳ ಒಳಗೆ ಒಂದೊಂದಾಗಿ ಇಣುಕುತ್ತಿದ್ದ.

"ಹ್ವಾಯ್," ಎಂದಳು ಕಲಾವತಿ. ಅವನು ತಿರುಗಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೊಮ್ಮೆ ಕರೆದಳು, ಈ ಸಲ ಗಟ್ಟಿಯಾಗಿ. ಬಸ್ಸಿನೊಳಗಿದ್ದವರು ತಿರುಗಿದರು, ಅವನು ತಿರುಗಲಿಲ್ಲ. ಅಮಿತಾ ಹೇಳಿದ ಕುಕ್ಕರಿನ ಸೀಟಿ ನೆನಪಾಯಿತು. ಕುಮಟೆಯಲ್ಲಿ ಇವನಿಗೆ ಯಾರಿದ್ದಾರೆ? ಬಸ್ಸಿನಲ್ಲಿ ಯಾರನ್ನು ಹುಡುಕುತ್ತಿದ್ದಾನೆ? ನನ್ನ ದನಿ ಕೇಳಿಯೂ ಕೇಳದವನ ಹಾಗೆ ನಿಂತಿದ್ದಾನಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಂದ ಬಾರದ ಹೆಸರನ್ನು ಅಷ್ಟು ಜನರ ನಡುವೆ ಕೂಗಿದಳು. "ಶಾಂತಾರಾಮ."

ಅವನು ಮುಂದಿನ ಕಿಟಕಿಗೆ ಹೋದ.

ಕಲಾವತಿ ಹೋಗಿ ಅವನ ಅಂಗಿಯ ತೋಳು ಹಿಡಿದು ಜಗ್ಗಿದಳು. ಅವನು ಬೆಚ್ಚಿ ತಿರುಗಿದ. ಅವಳನ್ನು ಕಂಡದ್ದೇ ಮುಖ ಎಷ್ಟು ಅರಳಿತೆಂದರೆ, ಅವಳು ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಂಡಳು.

"ಇಲ್ಲಿದ್ಯಾ? ಎಲ್ಲಾ ಬಸ್ಸು ನೋಡ್ತಿದ್ದೆ ನಿನ್ನ," ಎಂದು ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಹೇಳಿದ. "ಸತೀಶನ ಮನೆಗೆ ಹೋಗಿದ್ದೆ. ಈಗ ಹೋದ್ರು ಅಂದ್ಲು ಯಶೋದಾ."

"ಕುಮಟೆ ಬಸ್ಸಿನಲ್ಲಿ ನಾನು ಎಂತಕ್ಕೆ ಇರ್ತೇನೆ?"

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. "ಏನು?" ಅಂದ.

ಎದುರಿನ ಹೋಟೆಲಿಗೆ ಹೋಗಿ ಮೂಲೆಯ ಟೇಬಲ್ಲಿಗೆ ಕೂತರು. ಚಹಾ, ಬನ್ಸ್ ಬಂತು. ಮುಂಬೈಯಿಂದ ರೈಲಿನಲ್ಲಿ ಬಂದವನು ಕಾರವಾರದಲ್ಲಿ ಇಳಿಯದೆ ಅಂಕೋಲೆಯಲ್ಲಿ ಇಳಿದನಂತೆ. ನೇರ ಮನೆಗೆ ಬರಲು ಧೈರ್ಯವಾಗಲಿಲ್ಲ, ಸತೀಶನ ಹತ್ತಿರ ಮೊದಲು ಹೇಳಿ, ಅವನನ್ನು ಜೊತೆಗೆ ಕರೆದುಕೊಂಡು ಬರೋಣ ಎಂದುಕೊಂಡಿದ್ದನಂತೆ.

"ಎಂತ ಹೇಳೂದಿತ್ತು?" ಎಂದಳು ಕಲಾವತಿ.

ಶಾಂತಾರಾಮ ಹೇಳತೊಡಗಿದ. ಕೂಗುತ್ತಿದ್ದೇನೆಂದು ನಡುನಡುವೆ ನೆನಪಾಗಿ ದನಿ ತಗ್ಗಿಸುತ್ತಿದ್ದ, ಮರೆತು ಮತ್ತೆ ಏರಿಸುತ್ತಿದ್ದ. ಅವತ್ತು ಗಾಳಿ ಚೆನ್ನಾಗಿತ್ತು. ಪಂಖ ಬೆಳಿಗ್ಗೆಯಿಂದ ಒಂದೇ ಸಮ ತಿರುಗುತ್ತಿತ್ತು. ಊಟದ ಹೊತ್ತಿಗೆ ಸಾಹೇಬರು, ಈಗ ಪೂರಾ ಕರೆಂಟು ಪಂಖದಿಂದಲೇ ತೆಗೆದುಕೊಳ್ಳೋಣ, ಟರ್ಬೈನ್ ನಿಲ್ಲಿಸು ಎಂದರು. ಇವನೇ ಬಟನ್ ಒತ್ತಿದ. ದೀಪ ಆರಲಿಲ್ಲ. ಎಲ್ಲರೂ ಕೋಣೆ ಬಿಟ್ಟು ಹೊರಗೆ ಬಂದರು, ಅಡುಗೆಯವನು ಸೌಟು ಹಿಡಿದುಕೊಂಡೇ ಬಂದ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಇವನ ಜೊತೆಗಾರ ವಿಕಾಸ, ಹಣಕೋಣದ ಹುಡುಗ, ಕೈ ಎತ್ತಿ ಸಮುದ್ರದ ಕಡೆ ತೋರಿಸಿ ಏನೋ ಅಂದ. ಅಲೆಯ ಸದ್ದು ಕೇಳ್ತದೆ ಅಂದನಂತೆ. ಇಷ್ಟು ವರ್ಷ ಅಲ್ಲಿದ್ದ ಉಳಿದವರಿಗೆಲ್ಲ ಅಲೆಯ ಸದ್ದು ಕೇಳಿದ್ದು ಅದೇ ಮೊದಲು.

"ನಂಗೆ ಮಾತ್ರ ಮಶೀನು ಓಡ್ತೇ ಇತ್ತು ಕಲಾ."

"ಹಾಂಗಂದ್ರೆ?"

"ಕಿವಿಯಲ್ಲಿ. ಎಂದಿನ ಹಾಂಗೇ ಮೊರೀತಿತ್ತು. ನಿಂತಿಲ್ಲ, ಎಲ್ಲೋ ತಪ್ಪಾಗಿದೆ ಅಂತ ಒಳಗೆ ಹೋದೆ. ಮುಳ್ಳು ಸೊನ್ನೆಯಲ್ಲಿತ್ತು. ಮಶೀನಿನ ಮೇಲೆ ಅಂಗೈ ಇಟ್ಟು ನೋಡ್ದೆ. ಅಲುಗಾಟ ಇಲ್ಲ. ಕಿವಿ ಕೇಳಿದ್ರೆ ಓಡ್ತದೆ, ಕೈ ಕೇಳಿದ್ರೆ ನಿಂತದೆ. ಯಾವ್ದು ನಂಬೂದು? ಅದಕ್ಕೇ ನಿಂಗೆ ಫೋನು ಮಾಡ್ದೆ. ದಿನಾ ಆ ಸದ್ದು ಕೇಳೂಳು ನೀನು. ಇದ್ರೆ ಇದೆ ಅಂತೀ, ಇಲ್ದಿದ್ರೆ ಇಲ್ಲ ಅಂತೀ. ಆದ್ರೆ ನೀ ಎಂತದೂ ಮಾತಾಡ್ಲಿಲ್ಲ."

"ಮಾತಾಡ್ದೆ. ಎಷ್ಟು ಸಲ ಕೇಳ್ತದೆ ಅಂದೆ."

ಅವನು ಚಹಾದ ಲೋಟವನ್ನು ಸುತ್ತ ತಿರುಗಿಸಿದ. ಅವಳು ಅವತ್ತು ಮೆಲ್ಲಗೆ ಮಾತಾಡಿದ್ದಳು, ಆ ಮಾತು ಅವನನ್ನು ಮುಟ್ಟಿರಲೇ ಇಲ್ಲ. ಆಮೇಲೆ ಅವನು, "ಅವತ್ತು ಫೋನಿನಲ್ಲಿ ಸದ್ದು ಇತ್ತಾ?" ಎಂದು ಕೇಳಿದ. ಮಶೀನು ನಿಂತಿತ್ತು, ಆ ಮೊರೆತ ನಿನ್ನ ಕಿವಿಯೊಳಗಿನದು ಎಂದು ಮುಂಬೈಯ ಡಾಕ್ಟರು ಹೇಳಿದ್ದರು, ಸಾಹೇಬರೂ ಹೇಳಿದ್ದರು, ಆದರೂ ಅವಳ ಬಾಯಿಂದ ಕೇಳಬೇಕೆಂದು ಅಲ್ಲಿಂದ ಬಂದಿದ್ದ. ಇತ್ತು ಎಂದು ಹೇಳಿಬಿಡಲೇ ಎಂದು ಕಲಾವತಿಗೆ ಒಂದು ಕ್ಷಣ ಅನಿಸಿತು. ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಎರಡೂ ಅವಳಿಗೆ ತಿಳಿಯಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅವನು ಬನ್ಸಿನ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ.

ಅದೇ ಮಧ್ಯಾಹ್ನ ಎಚ್ಚರಿಕೆಯ ಗಂಟೆ ಬಾರಿಸಿ, ಎಲ್ಲರನ್ನೂ ಒಂದೆಡೆ ಸೇರಿಸಿ ತಲೆ ಎಣಿಸುವ ಕವಾಯತು ಇತ್ತಂತೆ. ಎಲ್ಲರೂ ಸೇರಿದರು, ಇವನೊಬ್ಬ ಬರಲಿಲ್ಲ. ಹುಡುಕಿದಾಗ ಟರ್ಬೈನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವತ್ತೇ ಹೆಲಿಕಾಪ್ಟರಿನಲ್ಲಿ ಕಳಿಸಿದರು.

"ವರ್ಷಾ ವರ್ಷಾ ಕಿವಿ ನೋಡ್ತಿದ್ರು ಅಂತಿದ್ರಿ?" ಕಲಾವತಿ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿದಳು.

"ನೋಡ್ತಿದ್ರು. ಸದ್ದು ಕೇಳ್ದಾಗ ಕೈ ಎತ್ತು ಅಂತಿದ್ರು. ಡಾಕ್ಟರು ಬಟನ್ ಒತ್ತೂದು ನೋಡ್ಕೊಂಡು ನಾ ಕೈ ಎತ್ತೂದು. ಎಲ್ರೂ ಹಾಂಗೇ ಮಾಡೂದು ಅಂದ್ಕೊಂಡಿದ್ದೆ."

ಕಲಾವತಿಗೆ ನಗು ಬಂತು. ನಗಬಾರದಿತ್ತು, ಆದರೆ ಬಂತು. ಅವನೂ ನಕ್ಕ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೋಟೆಲಿನವನು ಇಬ್ಬರನ್ನೂ ನೋಡಿದ. ಅವಳ ಕಣ್ಣಲ್ಲಿ ನೀರು ಬಂದಾಗ, ಅದು ನಗೆಯದ್ದೋ ಬೇರೆಯದ್ದೋ ಅವಳಿಗೇ ಗೊತ್ತಾಗಲಿಲ್ಲ.

"ಗಾಳಿಯಿಂದ ಕರೆಂಟು ಸಿಕ್ರೆ ಮತ್ತೆ ಗ್ಯಾಸ್ ಎಂತಕ್ಕೆ ತೆಗ್ಯೂದು ಅಂತ ಕೇಳ್ತಿದ್ದ ಸತೀಶ," ಎಂದಳು, ಕಣ್ಣೊರೆಸಿಕೊಂಡು.

ಇದು ಅವನ ವಿಷಯ. ಹುಮ್ಮಸ್ಸಿನಿಂದ ವಿವರಿಸಿದ. ರಿಗ್ಗು ನಡೆಸಲಿಕ್ಕೇ ದಿನಾ ರಾಶಿ ಗ್ಯಾಸ್ ಸುಡಬೇಕು, ಅದರ ಹೊಗೆ ಆಕಾಶಕ್ಕೆ ಹೋಗುತ್ತದೆ, ಆ ಹೊಗೆಯಿಂದ ಲೋಕವೇ ಬಿಸಿಯಾಗುತ್ತಿದೆಯಂತೆ. ಪಂಖ ತಿರುಗಿದರೆ ಅಷ್ಟು ಹೊಗೆ ಕಡಿಮೆ, ಅಷ್ಟು ಗ್ಯಾಸ್ ಉಳಿತಾಯ.

"ಉಳಿದ ಗ್ಯಾಸ್ ಎಂತ ಮಾಡ್ತಾರೆ?"

"ಮಾರ್ತಾರೆ."

"ತಗೊಂಡವ್ರು ಎಂತ ಮಾಡ್ತಾರೆ?"

"ಸುಡ್ತಾರೆ," ಅಂದ ಶಾಂತಾರಾಮ. ಆಮೇಲೆ ಹುಬ್ಬು ಗಂಟಿಕ್ಕಿದ. ಈ ಪ್ರಶ್ನೆಯನ್ನು ರಿಗ್ಗಿನಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. "ಆದ್ರೂ ನಮ್ಮಲ್ಲಿ ಸುಡೂದು ಕಡಿಮೆಯಾಯ್ತಲ್ಲ," ಎಂದ ಕೊನೆಗೆ. ಹೌದೆನ್ನಬೇಕೋ ಬೇಡವೋ ತಿಳಿಯದೆ ಅವಳು ಸೆರಗಿನಿಂದ ಟೇಬಲ್ ಒರೆಸಿದಳು.

ಜೂನ್ ಹಿಡಿಯಿತು, ಮಳೆ ಬಂತು. ಶಾಂತಾರಾಮನಿಗೆ ಕಿವಿಯ ಹಿಂದೆ ಸಿಕ್ಕಿಸುವ ಯಂತ್ರ ಬಂತು. ಹಾಕಿಕೊಂಡ ಮೊದಲ ದಿನ ಹಂಚಿನ ಮೇಲೆ ಮಳೆ ಬೀಳುವುದು ಕೇಳಿ, ಮನೆ ಬೀಳುತ್ತಿದೆಯೆಂದು ಎದ್ದು ನಿಂತಿದ್ದ. ಒಳಗಿನ ಮೊರೆತ ಮಾತ್ರ ಹೋಗಲಿಲ್ಲ. ಅದು ಹೋಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ವಿಕಾಸ ಆಗಾಗ ಫೋನು ಮಾಡಿ, ವಿಜೇತಾಳ ಮೂಲಕ ರಿಗ್ಗಿನ ಸುದ್ದಿ ಹೇಳುತ್ತಿದ್ದ. ಗಾಳಿ ಕಡಿಮೆಯಾದರೂ ಪಂಖ ನಿಲ್ಲುತ್ತದೆ, ವಿಪರೀತವಾದರೂ ನಿಲ್ಲಿಸಬೇಕಾಗುತ್ತದೆ. ಟರ್ಬೈನ್ ದಿನವೂ ಒಮ್ಮೆ ಚಾಲೂ ಒಮ್ಮೆ ಬಂದ್. ಮುಂದೆ ಇನ್ನೂ ಪಂಖ ಬರುತ್ತವೆ ಎನ್ನುವವರೂ ಇದ್ದಾರೆ, ಇದನ್ನೇ ಕಿತ್ತು ಒಯ್ಯುತ್ತಾರೆ ಎನ್ನುವವರೂ ಇದ್ದಾರೆ.

"ಆ ಪಂಖ ಬರದಿದ್ರೆ ನಾನು ಇನ್ನೂ ಅಲ್ಲೇ ಇರ್ತಿದ್ದೆ," ಎಂದ ಶಾಂತಾರಾಮ ಒಂದು ದಿನ.

"ಬೆಂಕಿ ಗಿಂಕಿ ಬಿದ್ದು, ಗಂಟೆ ಕೇಳದೆ, ಅಲ್ಲೇ ಇರ್ತಿದ್ರಿ," ಎಂದಳು ಕಲಾವತಿ. ಅವನು ಒಪ್ಪಿದ. ಒಪ್ಪಿದ ಮೇಲೂ ಅವನ ಮುಖದಲ್ಲಿ ಆ ಪಂಖದ ಮೇಲಿನ ಮುನಿಸು ಹೋಗಿರಲಿಲ್ಲ. ಅವಳಿಗೂ ಅದಕ್ಕೆ ಕೈ ಮುಗಿಯಬೇಕೋ ಶಾಪ ಹಾಕಬೇಕೋ ನಿರ್ಧಾರವಾಗಿರಲಿಲ್ಲ.

ಆಗಸ್ಟಿನಲ್ಲಿ ಮುಂಬೈ ಆಫೀಸಿನಿಂದ ಕರೆ ಬಂತು. ಸಮುದ್ರಕ್ಕೆ ಮತ್ತೆ ಕಳಿಸುವುದಿಲ್ಲ, ದಡದ ಗೋದಾಮಿನಲ್ಲಿ ಕೆಲಸವಿದೆ, ಬೇಕಿದ್ದರೆ ಬರಬಹುದು. ಅವನು ಬೆಳಿಗ್ಗೆ ಹೋಗುತ್ತೇನೆ ಎನ್ನುತ್ತಿದ್ದ, ಸಂಜೆ ಬೇಡ ಎನ್ನುತ್ತಿದ್ದ. ಮುಂಬೈ ರಸ್ತೆಯಲ್ಲಿ ಹಿಂದಿನಿಂದ ಬರುವ ಗಾಡಿ ಇವನಿಗೆ ಕೇಳುವುದೇ ಎಂಬುದು ಕಲಾವತಿಯ ಚಿಂತೆ. ಕೊನೆಗೆ ಒಂದು ದಿನ ಬಟ್ಟೆ ಮಡಚುತ್ತಿದ್ದವಳು ಅವನ ಬಟ್ಟೆಗಳ ಜೊತೆ ತನ್ನ ನಾಲ್ಕು ಸೀರೆಗಳನ್ನೂ ಪೆಟ್ಟಿಗೆಗೆ ಹಾಕಿದಳು. ವಿಜೇತಾ ನೋಡಿ, "ಎಷ್ಟು ದಿನಕ್ಕೆ ಆಯಿ?" ಎಂದಳು.

"ಹೋಗಿ ನೋಡ್ತೆ," ಎಂದಳು ಕಲಾವತಿ. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಸಂಜೆಯ ರೈಲು. ಕಾಳಿ ಸೇತುವೆ ದಾಟಿತು, ಅಸ್ನೋಟಿ ದಾಟಿತು. ಇಷ್ಟು ವರ್ಷ ಅವನನ್ನು ಕಳಿಸಿ ನಿಲ್ದಾಣದಿಂದ ಮನೆಗೆ ಮರಳುತ್ತಿದ್ದವಳು ಈಗ ಕಿಟಕಿಯ ಒಳಗೆ ಕೂತಿದ್ದಳು. ಮನೆ ಹಿಂದಾಯಿತೆಂದು ದುಃಖಪಡಬೇಕೋ, ಮೊದಲ ಸಲ ಜೊತೆಗೆ ಹೊರಟೆನೆಂದು ಸಂತೋಷಪಡಬೇಕೋ ಗೊತ್ತಾಗದೆ, ಚಪಾತಿಯ ಗಂಟು ಬಿಚ್ಚುವುದು ಈಗಲೋ ಮಡಗಾಂವ್ ಬಂದ ಮೇಲೋ ಎಂದು ಕೇಳಿದಳು.

ಅವನು ಎಡಗಿವಿಯನ್ನು ಅವಳ ಕಡೆ ತಿರುಗಿಸಿದ. "ಮತ್ತೊಮ್ಮೆ ಹೇಳು," ಅಂದ.

ಅವಳು ಮತ್ತೊಮ್ಮೆ ಹೇಳಿದಳು.